ಮಳೆಗಾಲಕ್ಕೆ ಚಕ್ರ ಬದಲಿಸುವಾಗ ಟಿಪಿಎಂಎಸ್ (ಟಯರಿನ ಗಾಳಿ ಅಳೆಯುವ) ಸೆನ್ಸರ್ ಏನು ಮಾಡೋದು? (ಪಿಕಪ್ ಮತ್ತು ಆರು ಚಕ್ರದ ಲಾರಿ)

ಸುಂಟಿಕೊಪ್ಪ_ಪಿಕಪ್

ಎರಡು ಗಾಡಿಯ ವಿಷಯ, ತಿಳಿದವರು ಹೇಳಿ.

ಮೊದಲನೆಯದು ಪಿಕಪ್. ಅಲಾಯ್ ವೀಲ್, ಟಯರ್ ಒಳಗೆ ಕಂಪನಿಯ ಸೆನ್ಸರ್, ಮೀಟರಿನಲ್ಲಿ ನಾಲ್ಕು ಚಕ್ರದ ಗಾಳಿಯೂ ಬೇರೆ ಬೇರೆಯಾಗಿ ಕಾಣ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಸರಿಗೆ ಮಡ್ ಟಯರ್ ಬೇಕು, ಅದನ್ನು ಬೇರೆ ಸ್ಟೀಲ್ ಡಿಸ್ಕಿಗೆ ಹಾಕಿಟ್ಟದ್ದು. ಮಳೆ ಬಿಟ್ಟ ಮೇಲೆ ಮತ್ತೆ ಅಲಾಯ್. ಸ್ಟೀಲ್ ಡಿಸ್ಕಿನಲ್ಲಿ ಈಗ ಮಾಮೂಲಿ ರಬ್ಬರ್ ವಾಲ್ವ್ ಮಾತ್ರ ಉಂಟು. ಪ್ರತಿ ಸಲ ಟಯರ್ ಬಿಚ್ಚಿ ಸೆನ್ಸರ್ ತೆಗೆದು ಹಾಕೋದಾ, ಇನ್ನೊಂದು ಸೆಟ್ ಕೊಳ್ಳೋದಾ, ಅಲ್ಲ ನಾಲ್ಕು ತಿಂಗಳು ಲೈಟ್ ಉರಿದರೆ ಉರೀಲಿ ಅಂತ ಬಿಡೋದಾ?

ಎರಡನೆಯದು ಆರು ಚಕ್ರದ ಲಾರಿ, 10.00ಆರ್20 ಅಳತೆಯ ಟ್ಯೂಬ್ ಟಯರ್. ವಾಲ್ವಿನ ಮೂತಿಗೆ ತಿರುಗಿಸಿ ಹಾಕುವ ಕ್ಯಾಪ್ ಸೆನ್ಸರ್ ಆರು, ಡ್ಯಾಶ್‌ಬೋರ್ಡಿನಲ್ಲಿ ಮಾನಿಟರ್. ಟಯರ್ ರೊಟೇಶನ್ (ಚಕ್ರಗಳ ಜಾಗ ಅದಲು ಬದಲು) ಮಾಡಿಸಿದ ಮೇಲೆ ಯಾವ ಅಂಕಿ ಯಾವ ಚಕ್ರದ್ದು ಅಂತ ಗೊತ್ತಾಗ್ತಾ ಇಲ್ಲ. ಇನ್ನೊಂದು ಗೊಂದಲ: ಮಂಗಳೂರಿನಲ್ಲಿ ಟಯರ್ ತಣ್ಣಗಿದ್ದಾಗ 100 ಪಿಎಸ್‌ಐ ಹಿಡಿಸಿದರೆ ಮಡಿಕೇರಿಯಲ್ಲಿ ಬೆಳಗ್ಗೆ ಮಾನಿಟರ್ 94 ತೋರಿಸ್ತದೆ, ಪಂಚರ್ ಅಂಗಡಿಯ ಗೇಜ್ 96 ಅಂತದೆ. ಯಾವುದನ್ನು ನಂಬೋದು? ಲೀಕ್ ಏನೂ ಇಲ್ಲ.


ಕುಶಾಲನಗರ_ಟಯರ್‌ಬೆಂಚ್

ಪಿಕಪ್‌ಗೆ ಮಾತ್ರ ಹೇಳ್ತೀನಿ, ಲಾರಿಗೆ ಘಾಟಿ ಕಡೆಯವರು ಹೇಳಲಿ.

ಸೆನ್ಸರ್ ತೆಗೆದು ಹಾಕೋ ಆಟ ಬೇಡವೇ ಬೇಡ. ವರ್ಷಕ್ಕೆ ಎರಡು ಸಲ, ಸಲಕ್ಕೆ ಎಂಟು ಟಯರ್ ಬೀಡ್ (ಡಿಸ್ಕಿಗೆ ಕಚ್ಚಿ ಕೂರೋ ಟಯರಿನ ಅಂಚು) ಬಿಡಿಸಬೇಕಾಗುತ್ತೆ. ಬೀಡ್ ಹರಿಯೋದು ಒಂದು ಕಡೆ, ಬೆಂಚಿನಲ್ಲಿ ಸೆನ್ಸರ್ ಮುರಿಯೋ ಅವಕಾಶ ಹದಿನಾರು ಸಲ. ಎರಡು ವರ್ಷದ ಫಿಟಿಂಗ್ ದುಡ್ಡು, ಒಂದು ಮುರಿದ ಸೆನ್ಸರ್ ಬೆಲೆ ಲೆಕ್ಕ ಹಾಕಿದರೆ ಇನ್ನೊಂದು ಸೆಟ್ಟೇ ಲಾಭ. ಸ್ಟೀಲ್ ಡಿಸ್ಕಿಗೆ ಒಂದು ಸೆಟ್ ಸೆನ್ಸರ್ ಹಾಕಿಸಿ ಮರೆತುಬಿಡಿ.

ಕೊಳ್ಳುವಾಗ ನೋಡಬೇಕಾದ್ದು ಎರಡು.

ಒಂದು, ಫ್ರೀಕ್ವೆನ್ಸಿ. ನಮ್ಮಲ್ಲಿ ಮಾರಿದ ಗಾಡಿಗೆ 433 ಮೆಗಾಹರ್ಟ್ಸ್. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಅಮೆರಿಕದ ಮಾಲು 315. ಅದು ವಾಲ್ವಿಗೆ ಕೂರುತ್ತೆ, ಗಾಳಿ ಹಿಡಿಯುತ್ತೆ, ಗಾಡಿಗೆ ಮಾತ್ರ ಕೇಳಿಸೋದಿಲ್ಲ.

ಎರಡು, ವಾಲ್ವಿನ ಜಾತಿ. ಎಳೆದು ಕೂರಿಸುವ ರಬ್ಬರ್ ವಾಲ್ವಿನ ಸೆನ್ಸರ್ ಉಂಟು, ನಟ್ ಹಾಕಿ ಬಿಗಿಯುವ ಅಲ್ಯೂಮಿನಿಯಂ ವಾಲ್ವಿನದ್ದೂ ಉಂಟು. ಮಾಮೂಲಿ ಟಿಆರ್413 ಅಳತೆಯ ರಬ್ಬರ್ ವಾಲ್ವಿಗೆ ಮಿತಿ 65 ಪಿಎಸ್‌ಐ. ಮೂಟೆ ಹೇರಿ ಹಿಂದಿನ ಟಯರಿಗೆ 60ರ ಮೇಲೆ ಹಿಡಿಸೋ ಪಿಕಪ್ ಆದರೆ ರಬ್ಬರ್ ಬೇಡ, ನಟ್ ಇರೋದೇ ತಗೊಳ್ಳಿ. ಆದರೆ ಸ್ಟೀಲ್ ಡಿಸ್ಕಿನಲ್ಲಿ ವಾಲ್ವ್ ತೂತಿನ ಸುತ್ತ ಒಳಮೈ ಚಪ್ಪಟೆಯಾಗಿರಬೇಕು, ತುಕ್ಕು, ಎದ್ದ ಬಣ್ಣದ ಪದರ ಎರಡೂ ಇರಬಾರದು. ತುಕ್ಕನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆದು ಬೆರಳು ಆಡಿಸಿ. ತರಿ ತಗುಲಿದರೆ ಗ್ರಾಮೆಟ್ (ವಾಲ್ವಿನ ಬುಡದ ರಬ್ಬರ್ ಬಳೆ) ಅಲ್ಲಿ ಗಾಳಿ ಬಿಡುತ್ತೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲೋದಿಲ್ಲ.

ಬೆಂಚಿನಲ್ಲಿ ನಿಂತು ನೀವೇ ಹೇಳಿಸಿ:

ಬೀಡ್ ಒಡೆಯುವ ಸಲಿಕೆ ವಾಲ್ವಿನ ಎದುರು ಬದಿಗೆ ಬರಬೇಕು, ಎರಡೂ ಮೈಗೆ. ವಾಲ್ವಿನ ಪಕ್ಕದಲ್ಲೇ ಒತ್ತಿದರೆ ಸೆನ್ಸರ್ ಮೇಲೆ ಒತ್ತಿದ ಹಾಗೆ. ಕೂರಿಸುವಾಗ ಬೀಡ್ ಕೊನೆಗೆ ಬಿಗಿಯಾಗಿ ಜಿಗಿಯೋ ಜಾಗ ಸೆನ್ಸರ್ ತಲೆ ಮೇಲೆ ಬರಬಾರದು. ಲೋಹದ ವಾಲ್ವಿನ ನಟ್ಟನ್ನು ಟಾರ್ಕ್ ಸ್ಪ್ಯಾನರ್‌ನಲ್ಲೇ ಬಿಗಿಯಬೇಕು. ಸೆನ್ಸರ್ ಡಬ್ಬಿಯಲ್ಲಿ ಅಂಕಿ ಕೊಟ್ಟಿರ್ತಾರೆ, ಬಹುಪಾಲು 4ರಿಂದ 8 ನ್ಯೂಟನ್ ಮೀಟರ್ ಒಳಗೆ. ದೊಡ್ಡ ರ‍್ಯಾಚೆಟ್ ಹಿಡಿದ ಕೈಗೆ ಅದು ಏನೂ ಅಲ್ಲ ಅನ್ನಿಸುತ್ತೆ, ಅದಕ್ಕೇ ವಾಲ್ವಿನ ಕತ್ತು ಸೀಳೋದು. ರಬ್ಬರ್ ವಾಲ್ವಿನದ್ದಾದರೆ ಸೆನ್ಸರನ್ನು ವಾಲ್ವಿಗೆ ಹಿಡಿದಿರೋದು ನಕ್ಷತ್ರದ ತಲೆಯ ಒಂದು ಟಿ10 ಟಾರ್ಕ್ಸ್ ಸ್ಕ್ರೂ, ಅದಕ್ಕೆ 1.4 ನ್ಯೂಟನ್ ಮೀಟರ್ ಸಾಕು. ಬೆರಳ ಬಿಗಿಗಿಂತ ಸ್ವಲ್ಪ ಮೇಲೆ ಅಷ್ಟೇ.

ಟಯರ್ ಬಿಚ್ಚಿದಾಗೆಲ್ಲ ಗ್ರಾಮೆಟ್, ವಾಷರ್, ನಟ್, ವಾಲ್ವ್ ಪಿನ್, ಕ್ಯಾಪ್ ಐದೂ ಹೊಸದು. ಸರ್ವಿಸ್ ಕಿಟ್ ಅಂತ ಒಟ್ಟಿಗೇ ಸಿಗುತ್ತೆ. ಹಳೇ ಗ್ರಾಮೆಟ್ ತಿರುಗಿಸಿ ನೋಡಿ: ಡಿಸ್ಕಿನ ಅಂಚು ಕೂತಿದ್ದ ಕಡೆ ಬಳೆಯ ಹಾಗೆ ಒಂದು ಗೆರೆ ಬಿದ್ದಿರುತ್ತೆ, ರಬ್ಬರ್ ಮತ್ತೆ ಉಬ್ಬೋದಿಲ್ಲ. ಅದನ್ನೇ ಹಾಕಿದರೆ ಆ ಗೆರೆ ಹಳೇ ಜಾಗಕ್ಕೇ ಕೂರೋದಿಲ್ಲ, ವಾರಕ್ಕೆ ಎರಡು ಮೂರು ಪಿಎಸ್‌ಐ ಇಳಿಯುತ್ತೆ, ನೀವು ಟಯರಿನಲ್ಲಿ ಮೊಳೆ ಹುಡುಕ್ತಾ ಇರ್ತೀರಿ.

ವಾಲ್ವ್ ಪಿನ್ ಬಗ್ಗೆ ಎಚ್ಚರ. ಅಲ್ಯೂಮಿನಿಯಂ ವಾಲ್ವಿಗೆ ಬೆಳ್ಳಗಿನ, ನಿಕಲ್ ಲೇಪದ ಪಿನ್ನೇ ಆಗಬೇಕು. ಪಂಚರ್ ಅಂಗಡಿ ಡಬ್ಬಿಯಲ್ಲಿರೋದು ಹಳದಿ ಹಿತ್ತಾಳೆ. ಹಿತ್ತಾಳೆ, ಅಲ್ಯೂಮಿನಿಯಂ, ನಮ್ಮ ಮಳೆ ನೀರು, ಮೂರೂ ಸೇರಿದರೆ ಪಿನ್ ಒಳಗೇ ಕಚ್ಚಿಕೊಳ್ಳುತ್ತೆ. ಮುಂದಿನ ಸಲ ಪಿನ್ ಬರೋದಿಲ್ಲ, ವಾಲ್ವೇ ಬರುತ್ತೆ.


ಗೋಣಿಕೊಪ್ಪ_ಆಟೋಎಲೆಕ್ಟ್ರಿಕ್

ಮೇಲಿನವರು ಹೇಳಿದ್ದು ಸರಿ. ಗಾಡಿಗೆ ಹೊಸ ಸೆಟ್ ಪರಿಚಯ ಮಾಡಿಸೋದು ಹೇಗೆ ಅನ್ನೋದು ನನ್ನ ಪಾಲಿಗೆ.

ಗಾಡಿಯ ಕಂಪ್ಯೂಟರ್‌ಗೆ ಚಕ್ರ ಗೊತ್ತಿಲ್ಲ, ಟಯರ್ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಸೆನ್ಸರಿನ ಐಡಿ, ಅಂಕಿ ಅಕ್ಷರ ಕಲಸಿದ ಏಳೋ ಎಂಟೋ ಸ್ಥಾನದ ಒಂದು ನಂಬರ್. ಅದು ಸೆನ್ಸರ್ ಮೈಮೇಲೇ ಅಚ್ಚಾಗಿರುತ್ತೆ, ಟಯರ್ ಕೂತ ಮೇಲೆ ಕಾಣೋದಿಲ್ಲ. ಹಾಗಾಗಿ ಫಿಟ್ ಮಾಡೋ ಮೊದಲು ನಾಲ್ಕು ಸೆನ್ಸರಿನ ಫೋಟೋ ತೆಗೆದು, ಮುಂದೆ ಎಡ, ಮುಂದೆ ಬಲ ಅಂತ ಬರೆದಿಟ್ಟುಕೊಳ್ಳಿ. ಡಿಸ್ಕಿನ ಒಳಬದಿಗೆ ಪೇಂಟ್ ಮಾರ್ಕರ್‌ನಲ್ಲೂ ಬರೆಯಿರಿ. ಈ ಐದು ನಿಮಿಷದ ಕೆಲಸ ಬಿಟ್ಟದ್ದಕ್ಕೇ ಮುಕ್ಕಾಲು ಪಾಲು ತಕರಾರು ಬರೋದು.

ದಾರಿ ಎರಡುಂಟು.

ಮೊದಲನೇ ದಾರಿ, ಹೊಸ ಸೆಟ್‌ಗೆ ಅದರದ್ದೇ ಐಡಿ, ಪ್ರತಿ ಸಲ ಚಕ್ರ ಬದಲಿಸಿದಾಗ ರೀಲರ್ನ್, ಅಂದರೆ ಗಾಡಿಗೆ ಆ ಐಡಿ ಮತ್ತೆ ಕಲಿಸೋದು. ಕೆಲವು ಗಾಡಿ ತಾನಾಗಿ ಕಲಿಯುತ್ತೆ: ಕಾಲು ಗಂಟೆ ನಿಲ್ಲಿಸಿ, ಆಮೇಲೆ 40ರ ಮೇಲೆ ಇಪ್ಪತ್ತು ನಿಮಿಷ ಓಡಿಸಿದರೆ ಆಯ್ತು. ಕೆಲವಕ್ಕೆ ಮೆನುವಿನಲ್ಲೇ ಆಯ್ಕೆ ಇರುತ್ತೆ. ಉಳಿದವಕ್ಕೆ ಓಬಿಡಿ ಪೋರ್ಟಿನಿಂದಲೇ (ಗಾಡಿಯ ಕಂಪ್ಯೂಟರ್‌ಗೆ ಟೂಲ್ ಸಿಕ್ಕಿಸೋ ಜಾಗ) ಬರೆಯಬೇಕು. ನಿಮ್ಮದು ಯಾವುದು ಅಂತ ಓನರ್ಸ್ ಮ್ಯಾನುಯಲ್‌ನಲ್ಲಿದೆ, ಅದನ್ನು ನೋಡಿಯೇ ಟೂಲ್ ಕೊಳ್ಳಿ. ಓಬಿಡಿ ಆದರೆ ಕ್ರಮ ಹೀಗೆ: ನಾಲ್ಕಕ್ಕೂ ಸರಿಯಾದ ಗಾಳಿ ಹಿಡಿಸಿ, ಕೀ ಆನ್, ಎಂಜಿನ್ ಆಫ್. ಟಿಪಿಎಂಎಸ್ ಟೂಲನ್ನು ವಾಲ್ವಿನ ಹತ್ತಿರ ಟಯರಿನ ಪಕ್ಕಕ್ಕೆ ಹಿಡಿದು ಟ್ರಿಗರ್ ಒತ್ತಿ. ಅದು 125 ಕಿಲೋಹರ್ಟ್ಸ್‌ನಲ್ಲಿ ಸೆನ್ಸರನ್ನು ಎಬ್ಬಿಸುತ್ತೆ, ಸೆನ್ಸರ್ 433ರಲ್ಲಿ ಉತ್ತರ ಕೊಡುತ್ತೆ. ಟೂಲ್ ಪರದೆಯಲ್ಲಿ ತೋರಿಸೋ ಕ್ರಮದಲ್ಲೇ ನಾಲ್ಕನ್ನೂ ಓದಿಸಿ, ಆಮೇಲೆ ಓಬಿಡಿಗೆ ಸಿಕ್ಕಿಸಿ ಬರೆಸಿ. ಪಕ್ಕದಲ್ಲಿ ಇನ್ನೊಂದು ಸೆಟ್ ಚಕ್ರ ಒರಗಿಸಿಟ್ಟು ಈ ಕೆಲಸ ಮಾಡಬೇಡಿ, ಟೂಲ್ ಅದನ್ನೂ ಓದಿಬಿಡುತ್ತೆ. ಹತ್ತಡಿ ಆಚೆಗೆ ಉರುಳಿಸಿ.

ಎರಡನೇ ದಾರಿ, ಕ್ಲೋನ್. ಆಟೆಲ್ ತರಹದ ಪ್ರೋಗ್ರಾಮ್ ಮಾಡೋ ಸೆನ್ಸರ್ ತಗೊಂಡು ಹಳೇ ನಾಲ್ಕರ ಐಡಿಯನ್ನೇ ಹೊಸ ನಾಲ್ಕಕ್ಕೆ ಬರೆಯೋದು. ಗಾಡಿಗೆ ಚಕ್ರ ಬದಲಾದದ್ದೇ ಗೊತ್ತಾಗೋದಿಲ್ಲ. ಜೂನ್‌ನಲ್ಲಿ ಜಾಕಿ, ವೀಲ್ ಸ್ಪ್ಯಾನರ್, ಅಷ್ಟೇ. ನಿಮ್ಮ ಬಳಕೆಗೆ ನನ್ನ ಮತ ಇದಕ್ಕೇ. ಒಂದೇ ಷರತ್ತು: ಮುಂದೆ ಎಡದ ಕ್ಲೋನ್ ಮುಂದೆ ಎಡಕ್ಕೇ ಹೋಗಬೇಕು. ಇಲ್ಲದಿದ್ದರೆ ಹಿಂದಿನ ಟಯರಿನ ಗಾಳಿ ಇಳಿದಾಗ ಮೀಟರ್ ಮುಂದಿನದನ್ನು ತೋರಿಸುತ್ತೆ.

ಲೈಟ್ ಉರಿಯಲಿ ಅಂತ ಬಿಡೋದು? ಸೆನ್ಸರ್ ಸಿಗದಿದ್ದರೆ ಕೀ ಆನ್ ಮಾಡಿದಾಗ ಲೈಟ್ ಒಂದು ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತು ಉರಿಯುತ್ತೆ. ಗಾಳಿ ಕಮ್ಮಿ ಇದ್ದರೆ ಮಿಣುಕೋದಿಲ್ಲ, ಮೊದಲಿಂದಲೇ ನಿಂತು ಉರಿಯುತ್ತೆ. ಗಾಡಿ ಓಡೋಕೆ ಏನೂ ತೊಂದರೆ ಇಲ್ಲ. ಆದರೆ ಮಡ್ ಟಯರಿನ ಪಕ್ಕೆ ಗಟ್ಟಿ, 15ಕ್ಕೆ ಇಳಿದರೂ ಕಣ್ಣಿಗೆ ಕೂತ ಹಾಗೆ ಕಾಣೋದಿಲ್ಲ. ಸೆನ್ಸರ್ ನಿಜವಾಗಿ ಬೇಕಾಗೋದು ಆ ನಾಲ್ಕು ತಿಂಗಳೇ.


ಕುಶಾಲನಗರ_ಟಯರ್‌ಬೆಂಚ್

ಕ್ಲೋನ್‌ಗೆ ಒಂದು ತಿದ್ದುಪಡಿ ಅಣ್ಣ. ಒಂದೇ ಐಡಿಯ ಎರಡು ಸೆನ್ಸರ್ ಒಟ್ಟಿಗೆ ಎಚ್ಚರ ಇರಬಾರದು. ಶೆಡ್‌ನಲ್ಲಿ ಅಲ್ಲಾಡದೆ ಇಟ್ಟ ಚಕ್ರದ ಸೆನ್ಸರ್ ಬಹುಮಟ್ಟಿಗೆ ನಿದ್ದೆಯಲ್ಲಿರುತ್ತೆ, ತೊಂದರೆ ಇಲ್ಲ. ಅಲಾಯ್ ಸೆಟ್ಟನ್ನು ಪಿಕಪ್ ಹಿಂದೆ ಹೇರಿಕೊಂಡು ಬಂದರೆ ಮಾತ್ರ ಕುಲುಕಾಟಕ್ಕೆ ಎಚ್ಚರ ಆಗಿ ಅದೂ ಮಾತಾಡೋಕೆ ಶುರು ಮಾಡುತ್ತೆ. ಮೀಟರಿನಲ್ಲಿ 40, 33, 40, 33 ಅಂತ ಕುಣಿದರೆ ಸೆನ್ಸರ್ ಹಾಳಾಗಿದೆ ಅಂತ ಬಿಚ್ಚಿಸಬೇಡಿ, ಮೊದಲು ಹಿಂದೆ ಏನಿದೆ ನೋಡಿ.


ಸಂಪಾಜೆ_ಘಾಟಿ

ಲಾರಿಗೆ ಬರುವಾ.

ಪಿಕಪ್‌ನ ಸೆನ್ಸರ್ ಚಕ್ರದ ಜೊತೆ ಹೋಗ್ತದೆ. ಕ್ಯಾಪ್ ಸೆನ್ಸರ್ ಹಾಗಲ್ಲ, ಅದು ಜಾಗಕ್ಕೆ ಸೇರಿದ್ದು. ರೊಟೇಶನ್ ಮಾಡಿಸಿದವರು ಕ್ಯಾಪ್ ಬಿಚ್ಚದೆ ಚಕ್ರ ಮಾತ್ರ ಅದಲು ಬದಲು ಮಾಡಿದ್ದಾರೆ, ಅದಕ್ಕೇ ಗೊಂದಲ. ಟಯರ್ ಎಲ್ಲಿ ಬೇಕಾದರೂ ಹೋಗಲಿ, 1ನೇ ನಂಬರ್ ಕ್ಯಾಪ್ ಮುಂದೆ ಎಡಕ್ಕೇ ವಾಪಸ್ ಬರಬೇಕು. ಈಗ ಸರಿ ಮಾಡ್ಲಿಕ್ಕೆ ಟೂಲ್ ಏನೂ ಬೇಡ. ಮಾನಿಟರ್ ಆನ್ ಇಟ್ಟು ಒಂದೊಂದೇ ಕ್ಯಾಪ್ ಬಿಚ್ಚಿ. ಯಾವ ಜಾಗದ ಅಂಕಿ ಬಿದ್ದು ಅಲಾರಂ ಕೂಗ್ತದೋ ಅದೇ ಅದರ ನಂಬರ್. ಪೇಂಟ್‌ನಲ್ಲಿ ಬರೆದು ಸರಿಯಾದ ಜಾಗಕ್ಕೆ ಹಾಕಿ. ಮುಂದಿನ ರೊಟೇಶನ್‌ಗೆ ಮೊದಲೇ ಆರನ್ನೂ ಬಿಚ್ಚಿ ಡಬ್ಬಕ್ಕೆ ಹಾಕಿಟ್ಟು, ಮಾನಿಟರ್ ಆಫ್ ಮಾಡಿ ಗಾಡಿ ಒಪ್ಪಿಸಿ.

ನಂಬರ್ ತಪ್ಪಾದರೆ ಬರೇ ಗೊಂದಲ ಅಲ್ಲ. ಹಿಂದಿನ ಜೋಡಿಯಲ್ಲಿ ಒಳಗಿನ ಟಯರ್ ಕೂತರೆ ಹೊರಗಿನದು ಭಾರ ಹೊತ್ತು ನಿಲ್ತದೆ, ಕನ್ನಡಿಯಲ್ಲಿ ಏನೂ ಕಾಣುದಿಲ್ಲ. ಒಳಗಿನದು ಉಜ್ಜಿ ಉಜ್ಜಿ ಕಾದು ಹೊಗೆ ಬರುವವರೆಗೆ ಗೊತ್ತಾಗುದಿಲ್ಲ. ಲಾರಿಗೆ ಸೆನ್ಸರ್ ಹಾಕುದೇ ಆ ಎರಡು ಒಳಗಿನ ಟಯರಿಗೆ ಅಂತ ಬೇಕಾದರೂ ಹೇಳಬಹುದು. ಉಳಿದ ನಾಲ್ಕಕ್ಕೆ ಕ್ಲೀನರ್ ಕೈಯ ಕಬ್ಬಿಣದ ರಾಡು ಸಾಕು.

ಇನ್ನು ನಿಮ್ಮ 100, 94, 96. ಮೂರೂ ಸರಿ.

ಮಂಗಳೂರು ಸಮುದ್ರ ಮಟ್ಟ, ಮಡಿಕೇರಿ ಸಾವಿರ ಮೀಟರ್‌ಗೂ ಮೇಲೆ. ಅಲ್ಲಿಯ ಹೊರಗಿನ ಗಾಳಿಯ ಒತ್ತಡ ಸುಮಾರು ಒಂದೂವರೆಯಿಂದ ಎರಡು ಪಿಎಸ್‌ಐ ಕಮ್ಮಿ. ಕೈ ಗೇಜ್ ಅಳೆಯುದು ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ. ಸೆನ್ಸರ್ ಒಳಗಿನ ಪೂರ್ತಿ ಒತ್ತಡ ಅಳೆದು ಸಮುದ್ರ ಮಟ್ಟದ 14.7 ಕಳೆದು ತೋರಿಸ್ತದೆ, ತಾನು ಬೆಟ್ಟದ ಮೇಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ಬಹುಪಾಲು ಸೆನ್ಸರ್ ಹೀಗೇ. ಹಾಗಾಗಿ ಮಡಿಕೇರಿಯಲ್ಲಿ ಕೈ ಗೇಜ್ ಯಾವಾಗಲೂ ಮಾನಿಟರಿಗಿಂತ ಎರಡು ಹತ್ತಿರ ಜಾಸ್ತಿ.

ಉಳಿದ ಆರು ಚಳಿಯದ್ದು. ಮಂಗಳೂರಿನಲ್ಲಿ 32 ಡಿಗ್ರಿಯಲ್ಲಿ 100 ಹಿಡಿಸಿದರೆ ಒಳಗಿನ ಪೂರ್ತಿ ಒತ್ತಡ 114.7. ಮಡಿಕೇರಿಯಲ್ಲಿ ಬೆಳಗ್ಗೆ 16 ಡಿಗ್ರಿಗೆ ಅದು 108.7 ಆಗ್ತದೆ. 14.7 ಕಳೆದರೆ 94. ಗಾಳಿ ಎಲ್ಲಿಗೂ ಹೋಗಲಿಲ್ಲ. ಪಿಕಪ್‌ನಲ್ಲೂ ಇದೇ ಲೆಕ್ಕ, ಮಂಗಳೂರಿನ 40 ಮಡಿಕೇರಿಯ ಬೆಳಗಿಗೆ ಮೀಟರಿನಲ್ಲಿ 37. ಡಿಸೆಂಬರ್ ಜನವರಿಯಲ್ಲಿ ಬೆಳಗ್ಗೆ ಲೈಟ್ ಬಂದು ಹತ್ತು ಕಿಲೋಮೀಟರ್‌ಗೆ ಹೋದರೆ ಅದು ಸೆನ್ಸರಿನ ತಪ್ಪಲ್ಲ. ನೈಟ್ರೋಜನ್ ಹಿಡಿಸಿದರೆ ಇದು ಆಗುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಅದೂ ಅಷ್ಟೇ ಇಳಿತದೆ.

ಯಾವುದಕ್ಕೆ ಹಿಡಿಸುದು ಅಂತ ಕೇಳಿದರೆ, ಗಾಡಿ ರಾತ್ರಿ ನಿಲ್ಲುವ ಊರಿನಲ್ಲಿ ಬೆಳಗ್ಗೆ ಟಯರ್ ತಣ್ಣಗಿರುವಾಗ, ಒಂದೇ ಗೇಜಿನಲ್ಲಿ. ಅಂಗಡಿಗೊಂದು ಗೇಜ್ ಒಂದೊಂದು ಹೇಳ್ತದೆ, ಸ್ವಂತದ್ದು ಒಂದು ಇಟ್ಟುಕೊಳ್ಳಿ.

ಅಲಾರಂ ಸೆಟ್ಟಿಂಗ್: ತಣ್ಣಗೆ 100 ಹಿಡಿಸುವುದಾದರೆ ಕೆಳಗಿನ ಮಿತಿ 85, ಮೇಲಿನದು 125. ಟಯರ್ ಒಳಗಿನ ಗಾಳಿ 40 ಡಿಗ್ರಿ ಏರಿದರೆ 15 ಪಿಎಸ್‌ಐ ಏರುದು ಸಹಜ. ಮೇಲಿನ ಮಿತಿ 110 ಇಟ್ಟರೆ ದಿನಾ ಮಧ್ಯಾಹ್ನ ಕೂಗ್ತದೆ, ಡ್ರೈವರ್ ಬೇಜಾರಾಗಿ ಮಾನಿಟರನ್ನೇ ಆಫ್ ಮಾಡ್ತಾನೆ. ಕಾದ ಟಯರಿನಿಂದ ಮಾತ್ರ ಗಾಳಿ ಬಿಡಬೇಡಿ. ಸಂಪಾಜೆಯಲ್ಲಿ 118 ಕಂಡು 100ಕ್ಕೆ ಇಳಿಸಿದರೆ ಮರುದಿನ ಬೆಳಗ್ಗೆ 85ರ ಹತ್ತಿರ ಇರ್ತದೆ, ಅದರ ಮೇಲೆ ಲೋಡು.

ಉಷ್ಣತೆಯ ಅಂಕಿಯನ್ನು ಕ್ಯಾಪ್ ಸೆನ್ಸರಿನಲ್ಲಿ ಹೆಚ್ಚು ನಂಬಬೇಡಿ. ಅದು ಹೊರಗೆ ಗಾಳಿಗೆ ಮೈಯೊಡ್ಡಿ ಕೂತದ್ದು, ಮಳೆ ಬಂದರೆ ಇನ್ನೂ ತಣ್ಣಗೆ. ಒತ್ತಡದ ಏರಿಕೆ ಸುಳ್ಳು ಹೇಳುದಿಲ್ಲ. ಘಾಟಿ ಇಳಿದು ಬಂದಾಗ ಹಿಂದಿನ ನಾಲ್ಕರಲ್ಲಿ ಒಂದು ಬದಿಯ ಜೋಡಿ ಮಾತ್ರ ಇನ್ನೊಂದು ಬದಿಗಿಂತ 8, 10 ಜಾಸ್ತಿ ತೋರಿಸಿದರೆ ಆ ಬದಿಯ ಬ್ರೇಕ್ ಹಿಡಿದು ಡ್ರಮ್ ಕಾಯ್ತಾ ಉಂಟು ಅಂತ ಅರ್ಥ. ಟಯರ್ ಅಂಗಡಿಗಲ್ಲ, ಬ್ರೇಕ್ ಅಡ್ಜಸ್ಟ್ ಮಾಡುವಲ್ಲಿಗೆ ಹೋಗಿ.

ಕೊನೆಗೆ ಫಿಟಿಂಗ್. ಕ್ಯಾಪ್ ಸೆನ್ಸರ್ ವಾಲ್ವ್ ಪಿನ್ನನ್ನು ಒತ್ತಿ ಹಿಡಿದಿರ್ತದೆ. ಅಂದರೆ ಗಾಳಿ ತಡೆಯುದು ಪಿನ್ ಅಲ್ಲ, ಸೆನ್ಸರ್ ಒಳಗಿನ ಸಣ್ಣ ರಬ್ಬರ್ ರಿಂಗ್. ವರ್ಷಕ್ಕೊಮ್ಮೆ ಅದನ್ನು ಬದಲಿಸಿ, ಹಾಕಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ. ಒಳಗಿನ ಟಯರಿಗೆ ಎಕ್ಸ್‌ಟೆನ್ಶನ್ ಹಾಕುದಾದರೆ ಬರೇ ರಬ್ಬರ್ ಪೈಪಿನದ್ದು ಬೇಡ, ಉಕ್ಕಿನ ಹೆಣಿಗೆ ಇರುವುದು ಅಥವಾ ಪೂರ್ತಿ ಲೋಹದ್ದು, ಅದನ್ನೂ ಹೊರಗಿನ ಡಿಸ್ಕಿಗೆ ಕ್ಲಿಪ್ ಹಾಕಿ ಅಲುಗಾಡದ ಹಾಗೆ ಬಿಗಿಯಿರಿ. ಬಿಗಿದ ಮೇಲೆ ಚಕ್ರ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಎಲ್ಲಾದರೂ ತಾಗ್ತದಾ ನೋಡಿ.


ಸುಂಟಿಕೊಪ್ಪ_ಪಿಕಪ್

ತುಂಬಾ ಉಪಕಾರ. ಕ್ಲೋನ್ ಮಾಡಿಸ್ತೇನೆ. ಇನ್ನೂ ಮೂರು ಉಳೀತು. ಸ್ಟೆಪ್ನಿಗೂ ಸೆನ್ಸರ್ ಬೇಕಾ? ಪಂಚರ್ ಆದರೆ ಟಯರ್ ಒಳಗೆ ಜೆಲ್ ಹಾಕಬಹುದಾ? ತೋಟದಲ್ಲಿ ಗಾಳಿ 20ಕ್ಕೆ ಇಳಿಸಿದರೆ ಲೈಟ್ ಬರ್ತದಲ್ಲ, ಅದಕ್ಕೇನು?


ಕುಶಾಲನಗರ_ಟಯರ್‌ಬೆಂಚ್

ಸ್ಟೆಪ್ನಿಗೆ ಬೇಡ. ಅದನ್ನು ಹಾಕಿದಷ್ಟು ದಿನ ಲೈಟ್ ಮಿಣುಕಿ ನಿಲ್ಲುತ್ತೆ, ಪಂಚರ್ ಹಾಕಿಸಿ ಚಕ್ರ ವಾಪಸ್ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿದರೆ ತಾನೇ ಹೋಗುತ್ತೆ. 2020ರ ನಿಯಮ ತಿದ್ದುಪಡಿಯಲ್ಲಿ ಟಿಪಿಎಂಎಸ್, ಟ್ಯೂಬ್‌ಲೆಸ್ ಟಯರ್, ರಿಪೇರಿ ಕಿಟ್ ಇದ್ದರೆ 3.5 ಟನ್ ಒಳಗಿನ ಪ್ಯಾಸೆಂಜರ್ ಗಾಡಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂದಿದ್ದಾರೆ. ಅದನ್ನು ಓದಿ ಸ್ಟೆಪ್ನಿ ಇಳಿಸಬೇಡಿ. ತೋಟದ ಕಲ್ಲಿಗೆ ಟಯರಿನ ಪಕ್ಕೆ ಸೀಳಿದರೆ ಯಾವ ಕಿಟ್ಟೂ ಆಗೋದಿಲ್ಲ.

ಜೆಲ್ ಬೇಡ. ಸೆನ್ಸರ್ ಮೈಯಲ್ಲಿ ಒತ್ತಡ ಒಳಗೆ ಹೋಗೋಕೆ ಸೂಜಿ ಮೊನೆಯಷ್ಟು ತೂತು ಇರುತ್ತೆ. ಜೆಲ್ ಅಲ್ಲಿ ಒಣಗಿದರೆ ಮುಚ್ಚಿಹೋಗುತ್ತೆ. ಆಮೇಲೆ ಟಯರ್ ಕೂತಿದ್ದರೂ ಮೀಟರ್ ಮುಚ್ಚಿಹೋದ ದಿನದ ಅಂಕಿಯನ್ನೇ ತೋರಿಸ್ತಾ ಇರುತ್ತೆ. ಸೆನ್ಸರ್ ಇಲ್ಲದ್ದಕ್ಕಿಂತ ಅದು ಅಪಾಯ. ದಾರಿಯಲ್ಲಿ ಬೇರೆ ಗತಿ ಇಲ್ಲದೆ ಹಾಕಿದ್ದರೆ ಅದೇ ವಾರ ಟಯರ್ ಬಿಚ್ಚಿಸಿ, ಸೆನ್ಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ತೂತಿಗೆ ಪಿನ್ ಚುಚ್ಚಬೇಡಿ, ಏರ್ ಗನ್ ಹಿಡಿಯಬೇಡಿ, ಒಳಗಿನ ಪೊರೆ ಹರಿಯುತ್ತೆ.

20ಕ್ಕೆ ಇಳಿಸಿದಾಗ ಲೈಟ್ ಬರಲೇಬೇಕು. ಹೇಳಿದ ಗಾಳಿಗಿಂತ ಕಾಲು ಭಾಗದಷ್ಟು ಇಳಿದರೆ ಅದರ ಕೆಲಸವೇ ಅದು. ಟಾರು ರಸ್ತೆಗೆ ಬರೋ ಮೊದಲು ಸಣ್ಣ ಕಂಪ್ರೆಸರ್‌ನಲ್ಲಿ ಮತ್ತೆ ಹಿಡಿಸಿಕೊಳ್ಳಿ, ಲೈಟ್ ಆರಿದ ಮೇಲೆ ಸ್ಪೀಡ್.


ಗೋಣಿಕೊಪ್ಪ_ಆಟೋಎಲೆಕ್ಟ್ರಿಕ್

ಬ್ಯಾಟರಿ ವಿಷಯ ಯಾರೂ ಹೇಳಲಿಲ್ಲ. ಲಾರಿಯ ಕ್ಯಾಪ್ ಸೆನ್ಸರಿನಲ್ಲಿ ಸಾಮಾನ್ಯವಾಗಿ ಸಿಆರ್1632 ಬಿಲ್ಲೆ, ಒಂದೆರಡು ವರ್ಷ ಬರುತ್ತೆ, ಮನೆಯಲ್ಲೇ ಬದಲಿಸಬಹುದು. ಆರನ್ನೂ ಒಂದೇ ದಿನ ಬದಲಿಸಿ. ಮುಚ್ಚಳದ ಓ ರಿಂಗ್ ತಿರುಚಿ ಕೂತರೆ ನಮ್ಮ ಮಳೆಗೆ ವಾರದಲ್ಲಿ ಒಳಗೆ ಹಸಿರು ಹಿಡಿಯುತ್ತೆ. ಪಿಕಪ್‌ನ ಒಳಗಿನ ಸೆನ್ಸರಿಗೆ ಬ್ಯಾಟರಿ ಎರಕ ಹೊಯ್ದು ಮುಚ್ಚಿರ್ತಾರೆ, ಬಿಚ್ಚೋದಲ್ಲ. ಐದರಿಂದ ಹತ್ತು ವರ್ಷ. ಗಾಡಿಗೆ ಆರೇಳು ವರ್ಷ ಆಗಿದ್ದರೆ, ಅಲಾಯ್‌ಗೆ ಹೊಸ ಟಯರ್ ಹಾಕಿಸುವ ದಿನ ಆ ನಾಲ್ಕನ್ನೂ ಬದಲಿಸಿಬಿಡಿ, ಬೆಂಚಿನ ಕೂಲಿ ಒಂದೇ ಸಲ ಆಗುತ್ತೆ. ಹೊಸದಕ್ಕೂ ಅದೇ ಹಳೇ ಐಡಿ ಬರೆಸಿ, ಮಡ್ ಟಯರ್ ಸೆಟ್‌ನ ತಂಟೆಗೆ ಹೋಗಬೇಕಾಗಿಲ್ಲ.


ಸಂಪಾಜೆ_ಘಾಟಿ

ಪಿಕಪ್‌ನ ಅಲ್ಯೂಮಿನಿಯಂ ವಾಲ್ವಿಗೆ ಅಂದಕ್ಕೆ ಅಂತ ಮಿರಿ ಮಿರಿ ಲೋಹದ ಕ್ಯಾಪ್ ಹಾಕಿದ್ದರೆ ಇವತ್ತೇ ತೆಗೆದು ಒಳಗೆ ರಬ್ಬರ್ ಇರುವ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಅದೂ ಹಿತ್ತಾಳೆ ಪಿನ್ನಿನ ಹಾಗೆ ಕಚ್ಚಿಕೊಳ್ತದೆ. ಈಗಾಗಲೇ ಕಚ್ಚಿಕೊಂಡಿದ್ದರೆ ಪಕ್ಕಡ್ ಹಿಡಿದು ತಿರುಗಿಸಬೇಡಿ, ಕ್ಯಾಪ್ ಜೊತೆ ವಾಲ್ವಿನ ಕತ್ತೂ ಬರ್ತದೆ. ತುಕ್ಕು ಬಿಡಿಸುವ ಎಣ್ಣೆ ಎರಡು ತೊಟ್ಟು ಹಾಕಿ ರಾತ್ರಿ ಇಡೀ ಬಿಡಿ. ಬೆಳಗ್ಗೆ ಒಂದು ಕೈಯಲ್ಲಿ ವಾಲ್ವಿನ ಬುಡ ಗಟ್ಟಿ ಹಿಡಿದು ಇನ್ನೊಂದರಲ್ಲಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ. ಬಾರದಿದ್ದರೆ ಹಾಗೇ ಇರಲಿ, ಮುಂದಿನ ಟಯರ್ ಬದಲಿಸುವಾಗ ವಾಲ್ವಿನ ಭಾಗ ಮಾತ್ರ ಬೇರೆ ಸಿಗುವ ಸೆನ್ಸರಾ ಅಂತ ನೋಡಿ, ಕೆಲವದಕ್ಕೆ ವಾಲ್ವ್ ಒಂದನ್ನೇ ಬದಲಿಸಬಹುದು.